ಪಾಯಪ್ಪನ ಎರಡು ಮೈಲಿ ಬಾಕಿ

ಸಾವಿರದ ಒಂಬೈನೂರ ಐವತ್ತೈದನೆಯ ಇಸವಿಯ ಪುಷ್ಯ ಮಾಸ. ಕುಲಗೋಡದ ಗಾಣದಲ್ಲಿ ಬೆಳಗಿನಿಂದಲೇ ಕಬ್ಬಿನ ಹಾಲು ಕುದಿಯುತ್ತಿತ್ತು. ಬೆಲ್ಲದ ವ್ಯಾಪಾರಿ ಪಾಯಪ್ಪ ಬಂಡಿಯಿಂದ ಇಳಿದು, ಬೆಲ್ಲದ ಒಂದೊಂದು ಪೆಂಟಿಯಿಂದ ಚೂರು ಮುರಿದು ನಾಲಿಗೆಗಿಟ್ಟು ದರ ಹೇಳುತ್ತಿದ್ದ. ಅವನ ಮನೆ ಅಲ್ಲಿಂದ ಒಂದೇ ಮೈಲಿ.

ಸರಕಾರಿ ದವಾಖಾನೆಯ ಕಂಪೌಂಡರ ಉದ್ದಪ್ಪ ಅಲ್ಲೇ ಗಾಣದ ಆಳೊಬ್ಬನ ಸುಟ್ಟ ಕೈಗೆ ಪಟ್ಟಿ ಕಟ್ಟುತ್ತಿದ್ದ. "ಇಷ್ಟು ದೂರಕ್ಕ ಬಂಡಿ ಯಾಕ್ರಿ ಸಾವಕಾರ?"

"ನಡಕೊಂತ ಬಂದ್ರ ಪಾಯಪ್ಪ ಎತ್ತು ಮಾರ್ಯಾನ ಅಂತಾರ. ಮೂಡಲಗಿ ಪ್ಯಾಟ್ಯಾಗ ನನ್ನ ಮಾತು ನಡಿಯಂಗಿಲ್ಲ."

ಬಂಡಿಯಲ್ಲೇ ಕುಳಿತಿದ್ದ ಹೆಂಡತಿ ಜಿನ್ನವ್ವ ಅಂದಳು: "ನಿಮ್ಮ ಅಣ್ಣಾರೂ ಗಾದಿ ಬಿಟ್ಟು ಏಳ್ತಿರಲಿಲ್ಲ. ಸಕ್ಕರಿ ಬ್ಯಾನಿ ಬಂತು. ಹ್ವಾದ ವರ್ಷ ಕಾಲು ತಗದ್ರು."

ಪಾಯಪ್ಪನ ಕೈ ಪೆಂಟಿಯ ಮೇಲೆಯೇ ನಿಂತಿತು.

ಮರುದಿನ ದವಾಖಾನೆಯಲ್ಲಿ ಉದ್ದಪ್ಪ ಅವನ ಮೂತ್ರವನ್ನು ನೀಲಿ ಔಷಧದೊಡನೆ ಕಾಯಿಸಿದ. ಸಕ್ಕರೆ ಹೆಚ್ಚಿದ್ದರೆ ಬಣ್ಣ ಇಟ್ಟಂಗಿಯ ಕೆಂಪಿಗೆ ತಿರುಗಬೇಕು. ಜಿನ್ನವ್ವ ಕಣ್ಣು ಮಿಟುಕಿಸದೆ ನೋಡಿದಳು. ನೀಲಿ ನೀಲಿಯಾಗಿಯೇ ಉಳಿಯಿತು.

"ಇನ್ನೂ ಬಂದಿಲ್ರಿ. ಆದ್ರ ಅಣ್ಣಗ ಐತಿ, ನಿಮಗ ಹೊಟ್ಟಿ ಬಂದೈತಿ. ದಿನಾ ನಡದ್ರ ರಕ್ತದಾಗಿನ ಸಕ್ಕರಿ ಮೈಗೆ ಖರ್ಚಾಗತೈತಿ, ಬ್ಯಾನಿ ಬರೂದು ಕಡಿಮಿ. ಕುಂತ್ರ ಅಲ್ಲೇ ಶಿಲ್ಕು ಉಳೀತೈತಿ."

"ಮಂದಿ ನಗತಾರಪಾ."

"ನಿಮ್ಮ ಜೈನ ಮುನಿಗಳು ಊರೂರು ನಡದ ಬರ್ತಾರ. ಅವರ ಕಾಲು ಬೀಳಾಕ ನೀವು ಬಂಡ್ಯಾಗ ಹೋಗ್ತೀರಿ."

ಜಿನ್ನವ್ವ ಸೆರಗಿನಲ್ಲಿ ನಕ್ಕಳು. ಪಾಯಪ್ಪ ಚೀಲದ ಬಾಯಿ ಬಿಚ್ಚಿದ. "ಎಷ್ಟಾತು?"

"ರೊಕ್ಕ ಬ್ಯಾಡ್ರಿ. ದಿನಾ ಎರಡು ಮೈಲಿ ನಿಮ್ಮ ಹೆಸರಿಗೆ ಬಾಕಿ."

ಅಂದಿನಿಂದ ಹೊತ್ತು ಮುಳುಗುವ ಮೊದಲೇ ಉಂಡು, ಗಂಡಹೆಂಡತಿ ಗಾಣದವರೆಗೆ ನಡೆದು ಬರುತ್ತಿದ್ದರು.

"ಎತ್ತಿಗೇನಾತ್ರಿ ಸಾವಕಾರ?" ಎಂದು ಊರ ಕಟ್ಟೆಯ ಮೇಲೆ ಕುಳಿತವರು ಕೆಣಕಿದರು.

"ಎತ್ತು ಬರೋಬ್ಬರಿ ಅದಾವ. ನಾನ ಕೆಡಾಕತ್ತಿದ್ದೆ."

ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು. ಪಾಯಪ್ಪ ಕೆರವು ಕೈಯಲ್ಲಿ ಹಿಡಿದು ನಡೆದ. ಅರವತ್ತರ ಹತ್ತಿರ ಬಂದವನ ಹಟ ಕಂಡು ಕೆಣಕಿದವರೇ ಎದ್ದು ದಾರಿ ಬಿಟ್ಟರು. ಇಬ್ಬರು ಜೊತೆಗೂ ಬಂದರು.

ಮೂರು ವರ್ಷದ ಮೇಲೆ ದವಾಖಾನೆಯಲ್ಲಿ ಮತ್ತೆ ಕಾಯಿಸಿದಾಗಲೂ ಔಷಧ ನೀಲಿಯಾಗಿಯೇ ಉಳಿಯಿತು.

"ಬಾಕಿ ತೀರಿತೇನಪಾ ಉದ್ದಪ್ಪ?"

"ನಿನ್ನೀದು ತೀರೈತ್ರಿ. ಇವತ್ತಿಂದು ಐತಿ."

ಪಾಯಪ್ಪ ರುಮಾಲು ಸುತ್ತಿಕೊಂಡು ಎದ್ದ.

ಓದುವ ಅಕ್ಕ, ಅಣ್ಣ, ನಿಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆಯಿದ್ದರೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ. ಇರಲಿ, ಇಲ್ಲದಿರಲಿ, ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆಯಿರಿ. ನಿಮ್ಮ ಇವತ್ತಿನ ಬಾಕಿ ಹಾಗೇ ಇದೆ. ಈ ಹಾಳೆ ಮಡಚಿಟ್ಟು ಎದ್ದೇಳಿ.