ಓವನ್ ಹಾಕಿದಾಗಿನ ನಲ್ಲಿ

“ನೀರಿಗೆ ಹಲ್ಲು ಯಾವಾಗ ಬಂತಪ್ಪಾ?”

ಅಡುಗೆಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಸ್ಟೀಲ್ ನಲ್ಲಿಯಿಂದ ಕಿತ್ತುಕೊಂಡ ಕೈಯನ್ನು ಅವಳು ಎದೆಗೊತ್ತಿಕೊಂಡಳು. ಮೊಣಕೈವರೆಗೂ ಇರುವೆ ಹರಿದಂತೆ ಜುಮ್ಮೆನ್ನುತ್ತಿತ್ತು. ಓವನ್ ಹಾಕಿದಾಗ ಮಾತ್ರ ಹೀಗೆ. ಗಂಡನಿಗೆ ಹೇಳಿದ್ದಳು, “ನಿನ್ನ ಭ್ರಮೆ” ಅಂದಿದ್ದ.

ಗಂಡನ ಬೆನ್ನಿಗೆ ಬಿದ್ದ ತಮ್ಮನೇ ಎಲೆಕ್ಟ್ರಿಷಿಯನ್. ಆದರೇನು, ಹಿತ್ತಲ ಗಿಡ ಮದ್ದಲ್ಲ. ಗಂಡ ತಾನೇ ತಂತಿ ಎಳೆದು, ಮೇಲೆ ಟೈಲ್ಸ್ ಹಾಕಿಸಿ ಮುಗಿಸಿದ್ದ. ಈಗ ಲೈಸೆನ್ಸ್ ಇದ್ದವರ ಪ್ರಮಾಣಪತ್ರ ಇಲ್ಲದೆ ಹೊಸ ಅಡುಗೆಮನೆಗೆ ಕಾಯಂ ಕರೆಂಟು ಕೊಡುವುದಿಲ್ಲವೆಂದು ಕಚೇರಿಯವರು ಹೇಳಿದ ಮೇಲೆ ತಮ್ಮನ ನೆನಪಾಗಿತ್ತು.

ಸಂಜೆ ಬಂದ ಮೈದುನ ಟೆಸ್ಟರನ್ನು ನಲ್ಲಿಗೆ ಮುಟ್ಟಿಸಿದ. ಒಳಗೆ ಕೆಂಪು ಕಣ್ಣೊಂದು ತೆರೆಯಿತು.

“ಅಣ್ಣಾ, ಅರ್ಥ್ ತಂತಿ ಎಲ್ಲಿಗೆ ಕಟ್ಟಿದೀಯ?”

“ನೀರಿನ ಪೈಪಿಗೆ. ಅಪ್ಪ ಕಟ್ತಿದ್ದ ಹಾಗೇ. ಕಬ್ಬಿಣದ ಪೈಪು, ಸೀದಾ ಭೂಮಿಯೊಳಗೆ ಹೋಗುತ್ತೆ.”

“ಅಪ್ಪನ ಕಾಲದಲ್ಲಿ ಹೋಗ್ತಿತ್ತು. ಮೊನ್ನೆ ಪ್ಲಂಬರ್ ಕೈಲಿ ಹೊರಗಿನ ಪೈಪೆಲ್ಲ ಪ್ಲಾಸ್ಟಿಕ್ ಮಾಡಿಸಿದ್ದು ಯಾರು? ಓವನ್ನಿಂದ ಸೋರಿದ ಕರೆಂಟಿಗೆ ಭೂಮಿಗಿಳಿಯೋ ದಾರಿಯೇ ಇಲ್ಲ. ನಲ್ಲೀಲಿ ಬಂದು ಕಾಯ್ತಾ ಕೂತಿದೆ.”

“ಯಾರಿಗೆ?” ಎಂದಳು ಅವಳು.

ಮೈದುನ ಟೆಸ್ಟರನ್ನು ಜೇಬಿಗೆ ಸಿಕ್ಕಿಸಿದ.

“ಟೈಲ್ಸ್ ಒಡೀಬೇಕು, ಅರ್ಥ್ ಬೇರೆ ಹಾಕ್ಬೇಕು. ಆಮೇಲೇ ಸಹಿ,” ಎಂದ ಮೈದುನ.

“ಇಲಿಗೆ ಹೆದರಿ ಮನೆ ಸುಟ್ಟ ಹಾಗಾಯ್ತು!”

“ಇಲ್ಲಿ ಸುಡೋದು ಮನೆಯಲ್ಲ ಅಣ್ಣಾ,” ಎನ್ನುತ್ತ ಅವನು ಮೇನ್ ಆಫ್ ಮಾಡಲು ಹೊರಗೆ ಹೋದ.

ಗಂಡ ಅವಳನ್ನು ಪಡಸಾಲೆಗೆ ಕರೆದು ದನಿ ತಗ್ಗಿಸಿದ. “ನಾಳೆ ಕಚೇರಿಯವರು ಬರ್ತಾರೆ. ನನ್ನ ಮಾತಿಗೆ ಅವನು ಬಗ್ಗಲ್ಲ. ನೀನು ಕೈತುತ್ತು ಹಾಕಿ ಸಾಕಿದವನು. ಅತ್ತಿಗೆ ಹೇಳಿದ್ರೆ ಕಣ್ಣು ಮುಚ್ಚಿ ಸಹಿ ಹಾಕ್ತಾನೆ. ಒಂದು ಮಾತು ಹೇಳು.”

ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಅವಳ ಮಾತನ್ನು ಅವನು ಒಮ್ಮೆಯೂ ಮೀರಿರಲಿಲ್ಲ. ನಲ್ಲಿಗಿಂತ ಹೆಚ್ಚಿನ ಹೆದರಿಕೆ ಈಗ ತನ್ನ ನಾಲಿಗೆಯದೇ ಆಯಿತು.

ಒಳಗೆ ಸ್ಟೂಲು ನೆಲದ ಮೇಲೆ ಎಳೆದ ಸದ್ದು.

ಪುಟ್ಟಿ! ಆಟದಿಂದ ಬಂದರೆ ಕೈ ತೊಳೆಯದೆ ಏನನ್ನೂ ಮುಟ್ಟಬಾರದೆಂದು ಕಲಿಸಿದವಳು ತಾನೇ. ಓವನ್ ಇನ್ನೂ ಗುಂಯ್‌ಗುಡುತ್ತಿತ್ತು. ಮಗಳು ಬರಿಗಾಲಲ್ಲಿ ಸ್ಟೂಲಿನ ಕಬ್ಬಿಣದ ಕಾಲು ಹಿಡಿದು ಹತ್ತುತ್ತಿದ್ದಳು. ಅಡಿಯಲ್ಲಿ ನೆಲ ಒದ್ದೆ. ಚಾಚಿದ ಬೆರಳಿಗೂ ನಲ್ಲಿಗೂ ಗೇಣೂ ಇರಲಿಲ್ಲ. ಅವಳು ಅಡುಗೆಮನೆಗೆ ನುಗ್ಗಿದಳು. ಸೊಂಟ ಹಿಡಿದು ಸೆಳೆದುಕೊಂಡಳು.

“ಅಮ್ಮಾ, ಕೈ ಕೊಳೆ ಇದೆ!”

“ಇರಲಿ ಮಗಳೇ. ಇರಲಿ.”

ಆಗ ದೀಪ ಹೋಯಿತು. ಓವನ್ ಸುಮ್ಮನಾಯಿತು. ಕತ್ತಲಲ್ಲಿ ಮಗಳ ಎದೆ ತನ್ನೆದೆಗೆ ಬಡಿಯುತ್ತಿತ್ತು. ಬಾಗಿಲಲ್ಲಿ ಗಂಡನ ಉಸಿರು. ಹೊರಗಿನಿಂದ ಮೈದುನನ ಹೆಜ್ಜೆ ಹತ್ತಿರವಾಗುತ್ತಿತ್ತು.

“ಬಂದ ನೋಡು. ಹೇಳ್ತೀಯಲ್ಲ?”

“ಇಲ್ಲ. ನಾನು ಹೇಳಲ್ಲ.”