ಸರದಾರ ನೀರು ಕುಡಿದ

ಬ್ಯಾಡಗಿಯ ಉಡಚವ್ವನ ಮನೆಯಲ್ಲಿ ಆ ವರ್ಷ ಇಲಿಗಳದೇ ರಾಜ್ಯ. ಜೋಳದ ಚೀಲಕ್ಕೆ ತೂತು. ಮಗಳ ಬಾಣಂತನಕ್ಕೆಂದು ಹೊಲಿದಿಟ್ಟ ಕೌದಿಗೂ ತೂತು. ಪಾಷಾಣ ಇಡೋಣವೆಂದರೆ ಕಾಳಿಗೆ ತಗುಲೀತು ಎಂಬ ಭಯ. ಕಡೆಗೆ ಅವಳು ಕುಪ್ಪೇಲೂರಿನ ತವರಿನಿಂದ ಬೂದಿ ಬಣ್ಣದ ಗಂಡು ಬೆಕ್ಕಿನ ಮರಿ ತಂದಳು.

ದೀಪಾವಳಿಗೆ ಬಂದ ಮರಿ, ಸಂಕ್ರಾಂತಿ ಹೊತ್ತಿಗೆ ಮೊದಲ ಇಲಿ ಹಿಡಿದು ತಂದು ಅವಳ ಕಾಲ ಬುಡದಲ್ಲಿ ಹಾಕಿತು. ಉಡಚವ್ವನ ಎದೆ ಉಬ್ಬಿತು. ಓಣಿಗೆಲ್ಲ ಹೇಳಿಕೊಂಡು ಬಂದಳು. ಅವತ್ತೇ ಅದಕ್ಕೆ ‘ಸರದಾರ’ ಎಂದು ಹೆಸರಿಟ್ಟಳು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಎಮ್ಮೆ ಬತ್ತಿತು. ಸರದಾರನಿಗೆ ಹಾಲಿಲ್ಲ, ಬರೀ ಒಣ ರೊಟ್ಟಿಯ ಚೂರು. ಪಕ್ಕದಲ್ಲಿ ಒಂದು ಸಣ್ಣ ಲೋಟದಲ್ಲಿ ನೀರು. ಮುಟ್ಟಿದರೆ ಮುಟ್ಟಿತು, ಇಲ್ಲದಿದ್ದರೆ ಇಲ್ಲ. ಬರಬರುತ್ತ ಸರದಾರ ಮಂಕಾದ. ಇಲಿ ಎದುರಿಗೆ ಓಡಿದರೂ ಏಳಲಿಲ್ಲ. ಬೂದಿಗುಂಡಿಯ ಹತ್ತಿರ ಹೋಗಿ ಕೂತು ಕೂತು ತಿಣುಕಿ, ನರಳುತ್ತ ಎದ್ದು ಬರುತ್ತಿದ್ದ.

“ಬಿಸಲಿಗೆ ಮೈಗಳ್ಳ ಆಗೇತಿ, ಬಿಡ,” ಎಂದ ಗಂಡ ಹಾಲೇಶಪ್ಪ. “ಬೆಕ್ಕು ಅಂದ್ರ ಹಾಲು ಕುಡಿಯೂ ಜಾತಿ. ನೀರು ಯಾಕ ಬೇಕು ಅದಕ್ಕ?”

ಉಡಚವ್ವನಿಗೆ ಸಮಾಧಾನವಾಗಲಿಲ್ಲ. ಸರದಾರನನ್ನು ತೊಡೆಯ ಮೇಲೆ ಹಿಡಿದು, ಬಾಯಿ ಅಗಲಿಸಿ ನೀರು ಹಾಕಲು ಹೊರಟಳು. ಅಷ್ಟರಲ್ಲಿ ಪಕ್ಕದ ಮನೆಯ ಮಹಮೂದಾಬೇಗಂ ಬಂದರು. ಅವರು ಸಾಲಿ ಟೀಚರು. ಅವರ ಮನೆಯಲ್ಲಿ ಬೆಕ್ಕಿಲ್ಲದ ದಿನವೇ ಇರಲಿಲ್ಲ.

“ತಡೀ ಉಡಚವ್ವಾ! ಹಂಗ ಒತ್ತಾಯದಿಂದ ಹಾಕಬ್ಯಾಡ. ನೀರು ಉಸಿರಿನ ದಾರಿಗೆ ಹೋದ್ರ ಜೀವಕ್ಕ ಕುತ್ತು.”

“ಮತ್ತೇನ ಮಾಡ್ಲಿರಿ ಅಕ್ಕೋರ? ತಾನಾಗೇ ಕುಡಿಯಂಗಿಲ್ಲ. ಉಚ್ಚಿಗೆ ಕುಂತು ಬರೇ ತಿಣುಕತೈತಿ.”

“ಉಚ್ಚಿ ಹೊಯ್ಯಾಕ ತಿಣಕಾಕತ್ತೇತಿ ಅಂದ್ರ ಮನ್ಯಾಗ ಇಟ್ಕೊಂಡ ಕುಂದ್ರಬಾರ್ದು. ಈಗಿಂದೀಗ ದನದ ದವಾಖಾನಿಗೆ ನಡಿ.”

ಹಾಲೇಶಪ್ಪ ನಕ್ಕ. “ಎಮ್ಮಿ, ಎತ್ತು ನಿಲ್ಲೂ ಜಾಗಾ ಅದು. ಅಲ್ಲಿಗೆ ಬೆಕ್ಕ ಹೊತ್ಕೊಂಡ ಹೋದ್ರ ಊರು ನಗತೈತಿ.”

ಊರು ನಕ್ಕಿತು ಕೂಡ. ಅಂದು ಮೆಣಸಿನಕಾಯಿ ಪ್ಯಾಟಿಯ ದಿನ. ಉಡಚವ್ವ ಬುಟ್ಟಿಯಲ್ಲಿ ಸರದಾರನನ್ನು ಮಲಗಿಸಿ, ಮೇಲೆ ಸೀರೆಯ ತುಂಡು ಹೊದಿಸಿ ಜನರ ನಡುವೆ ಹೊರಟಳು. “ಏನವಾ, ಬೆಕ್ಕಿನ ಮೆರವಣಿಗಿ ಹೊಂಟೇತೇನ?” ಎಂದು ಒಬ್ಬ ಕೂಗಿದ.

ಉಡಚವ್ವ ನಿಂತಳು. ಸೆರಗು ಸರಿ ಮಾಡಿಕೊಂಡು ತಲೆ ಎತ್ತಿ ಹೇಳಿದಳು: “ನನ್ನ ಮನೀ ಕಾಳು ಕಾಯೂ ಜೀವ ಐತಿ ಇದು. ದುಡಿಯೂ ಎತ್ತಿಗೆ ಡಾಕ್ಟರ್ ಬೇಕು, ದುಡಿಯೂ ಬೆಕ್ಕಿಗೆ ಬ್ಯಾಡೇನ?” ಆತ ಸರಿದು ದಾರಿ ಬಿಟ್ಟ.

ಡಾಕ್ಟರು ಸರದಾರನ ಹೆಗಲ ಮೇಲಿನ ಚರ್ಮ ಮೆಲ್ಲಗೆ ಎತ್ತಿ ಬಿಟ್ಟರು. ಅದು ಲಗೂ ಕೆಳಗಿಳಿಯಲಿಲ್ಲ. ಒಸಡು ಮುಟ್ಟಿದರು, ಅಂಟಂಟಾಗಿತ್ತು. “ಮೈಯಾಗ ನೀರು ಕಡಿಮಿ ಆಗೇತಿ. ಪುಣ್ಯಾಕ ಉಚ್ಚಿ ಪೂರ್ತಿ ಕಟ್ಟಿಲ್ಲ. ಗಂಡು ಬೆಕ್ಕಿಗೆ ಪೂರ್ತಿ ಕಟ್ಟಿದ್ರ ಉಳಿಯೂದು ಕಷ್ಟ. ಚಲೋ ಆತು, ತಡಾ ಮಾಡದ ತಂದ್ರಿ,” ಎಂದು ಚರ್ಮದ ಕೆಳಗೆ ಸಲೈನ್ ಕೊಟ್ಟರು. “ಹಾಲು ನೀರಿನ ಬದಲಿ ಅಲ್ಲ. ಭಾಳ ಬೆಕ್ಕಿಗೆ ಹಾಲಿನಿಂದ ಭೇದಿ ಆಗತೈತಿ. ನೀರ ರೂಢಿ ಮಾಡಸ್ರಿ,” ಎಂದರು.

ಸರದಾರ ಕಣ್ಣು ಬಿಟ್ಟ. ಆದರೆ ಮನೆಗೆ ಬಂದ ಮೇಲೂ ಲೋಟ ಮೂಸಿ, ಸೀನಿ, ಹಿಂದೆ ಸರಿದ. ಉಡಚವ್ವ ಬಗ್ಗಿ ನೋಡಿದಳು. ನೀರಿನ ಮೇಲೆ ಕೆಂಪಗೆ ಪುಡಿ ತೇಲುತ್ತಿತ್ತು! ಅವಳು ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸುವುದು ಆ ಲೋಟದ ಪಕ್ಕದಲ್ಲೇ. ಅದೇ ಖಾರದ ಕೈಯಲ್ಲೇ ಲೋಟ ತೊಳೆಯುವುದು.

“ಅಕ್ಕೋರ, ಇಲ್ಲಿ ಬರ್ರಿ! ಕುಡಿಯೂದಾದ್ರೂ ಹೆಂಗ ಕುಡದೀತು? ನಾನ ಖಾರದ ನೀರು ಇಟ್ಟೇನಿ!”

“ಭೇಷ್! ಖರೇ ಕಾರಣ ನೀನ ಹಿಡದಿ,” ಎಂದರು ಮಹಮೂದಾಬೇಗಂ. “ಲೋಟಾನೂ ಬ್ಯಾಡ. ಮೀಸಿ ಅಂಚಿಗೆ ತಾಗಿದ್ರ ಕೆಲವು ಬೆಕ್ಕಿಗೆ ಸೇರಂಗಿಲ್ಲ. ಅಗಲ ಬಾಯಿ ಬಟ್ಟಲ ಇಡು. ತಿನ್ನೂ ಜಾಗಾದಿಂದ, ಬೂದಿಗುಂಡಿಯಿಂದ ದೂರ ಇಡು.”

ಉಡಚವ್ವ ಕೈ ಚೆನ್ನಾಗಿ ತೊಳೆದು ಎರಡು ಮಣ್ಣಿನ ಬಟ್ಟಲಲ್ಲಿ ನೀರು ತುಂಬಿದಳು. ಒಂದು ಹಿತ್ತಲ ಬಾಗಿಲ ನೆರಳಿಗೆ, ಒಂದು ಒಳಮನೆಯ ಮೂಲೆಗೆ. ರೊಟ್ಟಿಯನ್ನೂ ನೀರಲ್ಲಿ ನೆನೆಸಿ, ಹಿಚುಕಿ ಕೊಟ್ಟಳು. ಉಪ್ಪಿಲ್ಲ, ಖಾರವಿಲ್ಲ.

“ನಳ ಬರೂದ ಅಪರೂಪ, ಬೆಕ್ಕಿಗೆ ಎರಡೆರಡು ಬಟ್ಟಲೇನ?” ಎಂದು ಹಾಲೇಶಪ್ಪ ಗೊಣಗಿದ.

“ನೀವು ಮಾರಿ ತೊಳ್ಯಾಗ ಚೆಲ್ಲೂ ನೀರಿನಾಗ ಅದರ ವಾರ ಕಳೀತೈತಿ,” ಎಂದಳು ಉಡಚವ್ವ.

ಮಾತು ಮುಗಿಯುವ ಮೊದಲೇ ಹಿತ್ತಲ ಬಾಗಿಲಲ್ಲಿ ಲಪಲಪ ಸದ್ದು. ಸರದಾರ ಬಟ್ಟಲಿಗೆ ಮುಖ ಇಟ್ಟು ಕುಡಿಯುತ್ತಿದ್ದ. ಮೂವರೂ ಬಗ್ಗಿ ನೋಡಿದರು. ಉಡಚವ್ವನ ಕಣ್ಣು ತುಂಬಿ ಬಂತು.

ಯುಗಾದಿ ಹೊತ್ತಿಗೆ ಸರದಾರ ಮತ್ತೆ ಬೇಟೆಗೆ ಇಳಿದ. ಈಗ ಬೆಳಿಗ್ಗೆ, ಸಂಜೆ ಬಟ್ಟಲು ತೊಳೆದು ಹೊಸ ನೀರು ತುಂಬುವವನು ಹಾಲೇಶಪ್ಪನೇ. “ನಮ್ಮ ಸರದಾರ ಹಳೇ ನೀರು ಮುಟ್ಟಂಗಿಲ್ಲರೀ,” ಎಂದು ಕಟ್ಟೆಯ ಮೇಲೆ ಕೂತವರಿಗೆ ಮೀಸೆ ತಿರುವಿ ಹೇಳುತ್ತಾನೆ. ಮರಿ ಸಾಕಿದ ಹೆಂಗಸರು ಉಡಚವ್ವನ ಮನೆ ಹುಡುಕಿಕೊಂಡು ಬರುತ್ತಾರೆ. ಅವಳು ಕೂರಿಸಿ, ಬಟ್ಟಲು ತೋರಿಸಿ, ಹೆಮ್ಮೆಯಿಂದ ಹೇಳಿಕೊಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಬೆಕ್ಕಿಗೆ ಬಾಯಿಲ್ಲ, ಬಾಯಾರಿಕೆ ಇದೆ. ಇವತ್ತೇ ಒಂದು ಅಗಲ ಬಟ್ಟಲು ತೊಳೆದು, ತಂಪು ಜಾಗದಲ್ಲಿ ಶುದ್ಧ ನೀರು ಇಡಿ. ದಿನಾ ಬದಲಿಸಿ. ಒಣ ತಿಂಡಿಯನ್ನು ನೆನೆಸಿ ಕೊಡಿ. ಬೆಕ್ಕು ಮಂಕಾದರೆ, ಉಚ್ಚೆಗೆ ತಿಣುಕಿದರೆ ಅದೇ ದಿನ ಪಶು ಡಾಕ್ಟರಲ್ಲಿಗೆ ಒಯ್ಯಿರಿ. ಯಾರು ನಕ್ಕರೂ ತಲೆ ಎತ್ತಿ ನಡೆಯಿರಿ.