ಮನೆ ಮುಂದಿನ ಪುಂಡಿಪಲ್ಯ

ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಬೇಸಿಗೆ ಅದು. ಕಲಬುರಗಿಯಿಂದ ಬಂದಿದ್ದ ಶೈಲಮ್ಮ ಮಗನ ಮನೆಯ ಮುಂದಿನ ಹುಲ್ಲುಹಾಸು ಅಗೆದು ಪುಂಡಿಪಲ್ಯದ ಹುಳಿಸೊಪ್ಪು ಬಿತ್ತಿದರು. ನ್ಯೂಜೆರ್ಸಿಯ ಆ ಪುಟ್ಟ ಟೌನ್‌ಶಿಪ್‌ನಲ್ಲಿ ಮನೆ ಮುಂದೆ ತರಕಾರಿ ಬೆಳೆಯುವಂತಿಲ್ಲ. ಯಾರೋ ದೂರು ಕೊಟ್ಟರು. ಕೌನ್ಸಿಲ್ ಸಭೆಗೆ ಕರೆ ಬಂತು.

ಕೆಲಸ ಹೋದ ಮೇಲೆ ಮಗ ಗುರು ಯಾರಿಗೂ ಮುಖ ತೋರಿಸುತ್ತಿರಲಿಲ್ಲ. ಸೊಸೆ ಸುಪ್ರಿಯಾಗೆ ರಜೆ ಸಿಗಲಿಲ್ಲ. ಹಾಗಾಗಿ ಶೈಲಮ್ಮನ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ಪಕ್ಕದ ಮನೆಯ ಕನ್ನಡತಿ ಹಫೀಜಾಳ ಪಾಲಿಗೆ ಬಂತು.

“ಗುರು ಜಾಬ್ ಹೋಗಿದ್ದು ಅಲ್ಲಿ ಬರಬಾರ್ದ್ರಿ ಆಂಟಿ. ಸ್ಟ್ರೀಟ್‌ನವರೆಲ್ಲ ಬಂದಿರ್ತಾರ,” ಎಂದು ಸುಪ್ರಿಯಾ ಹಫೀಜಾಳನ್ನು ಮೊದಲೇ ಬೇಡಿಕೊಂಡಿದ್ದಳು.

ಮನೆ ಮುಂದೆಯೇ ಯಾಕೆ ಬೆಳೆದಿರಿ, ಏನಾದರೂ ಕಷ್ಟವಿದ್ದರೆ ಹೇಳಿ, ಬೆಳೆ ಮುಗಿಯುವವರೆಗೆ ಬಿಡಬಹುದು ಎಂದರು ಮೇಯರ್.

“ಹಿತ್ತಲದಾಗ ಬರೇ ನೆರಳದ,” ಎಂದರು ಶೈಲಮ್ಮ. “ಮಗನ ನೌಕರಿ ಹೋಗ್ಯದ. ನಾ ಸುಮ್ನ ಕುಂತು ಉಣ್ಣಬೇಕೇನು?”

ಹಫೀಜಾ ಹಿಂದೆ ತಿರುಗಿ ನೋಡಿದಳು. ಪರಿಚಯದ ಮುಖಗಳೆಲ್ಲ ಕಿವಿ ನೆಟ್ಟಗೆ ಮಾಡಿ ಕೂತಿದ್ದವು.

“ಹಿಂದೆ ಬಿಸಿಲು ಬೀಳುವುದಿಲ್ಲವಂತೆ,” ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದಳು.

“ನಾ ಅಷ್ಟುದ್ದ ಹೇಳೀನಿ, ಇಷ್ಟ ಆತೇನವ್ವ?”

“ಇಂಗ್ಲಿಷ್ ಹಾಗೇನೇ ಅಮ್ಮ.”

ವಾರದೊಳಗೆ ಕಿತ್ತುಹಾಕಬೇಕೆಂದು ತೀರ್ಮಾನವಾಯಿತು.

ಭಾನುವಾರ ಶೈಲಮ್ಮ ಒಂದು ಹೊರೆ ಎಳೆ ಪುಂಡಿ ಹೊತ್ತು ಹಫೀಜಾಳ ಬಾಗಿಲಿಗೆ ಬಂದರು.

“ನಮ್ಮ ಸಲುವಾಗಿ ಮಾತಾಡಿದೆಲ್ಲವ್ವ, ತಗೋ.”

ಹಫೀಜಾ ಬೇರಿನ ಮಣ್ಣು ಉದುರದಂತೆ ಎರಡೂ ಕೈಯಲ್ಲಿ ಹೊರೆಯನ್ನು ತೆಗೆದುಕೊಂಡಳು.